ಉಳಿದ ಗುಳಿಗೆ



ಕಳೆದ ಮಳೆಗಾಲದಲ್ಲಿ ನಮ್ಮ ತರಗತಿಯ ಬಾಲಕನೊಬ್ಬನು ಮೊಣಕಾಲಿನ ಮೇಲೆ ಕುರುವೆದ್ದು ಕುಂಟುತ್ತ ಬಂದನು. ವಿಚಾರಿಸಲಾಗಿ, "ಪಕ್ಕದ ಮನೆಯ ಮಾವಶಿಯವರು ತಮ್ಮಲ್ಲಿ ಉಳಿದಿದ್ದ ಎರಡು ಗುಳಿಗೆ ಕೊಟ್ಟಿದ್ದಾರೆ ಸರ್, ವಾಸಿಯಾಗುತ್ತದೆ" ಎಂದನು. ವಾಸಿಯಾಗಲಿಲ್ಲ. ನಾಲ್ಕನೆಯ ದಿನ ಜ್ವರವೇರಿತು. ವೈದ್ಯರು ಕುರುವನ್ನು ಕೊಯ್ದು ಕೀವು ತೆಗೆಯಬೇಕಾಯಿತು. ಅವನನ್ನು ಗದರಿಸಲು ನಮಗೆ ಬಾಯಿ ಬರಲಿಲ್ಲ. ಊರು ಬಿಟ್ಟು ಈ ಪುಣೆಗೆ ಬಂದ ಮೊದಲ ವರ್ಷ, ವೈದ್ಯರ ಶುಲ್ಕಕ್ಕೆ ಅಂಜಿ ನಾವೂ ಹೀಗೆಯೇ ಮಾಡಿದ್ದೆವು.

ಇಂತಹ ಕುರುಗಳಿಗೆ ಬಹುಮಟ್ಟಿಗೆ ಕಾರಣವಾದುದು ಸ್ಟ್ಯಾಫಿಲೊಕಾಕಸ್ ಆರಿಯಸ್ ಎಂಬ ಸೂಕ್ಷ್ಮಾಣು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಉಪದ್ರವ ಕೊಡದೆ ವಾಸಿಸುತ್ತದೆ. ಚರ್ಮ ಒಡೆದಲ್ಲಿ ಒಳಹೊಕ್ಕು ಕೀವಾಗಿಸುತ್ತದೆ. 1928ರಲ್ಲಿ ಲಂಡನ್ನಿನಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗರು ಬೂಷ್ಟಿನ ಸುತ್ತ ನಾಶವಾಗಿದ್ದುದನ್ನು ಕಂಡದ್ದು ಸ್ಟ್ಯಾಫಿಲೊಕಾಕಸ್ ಕುಲದ ಸೂಕ್ಷ್ಮಾಣುಗಳನ್ನೇ. ಹಾಗೆ ದೊರೆತ ಪೆನಿಸಿಲಿನ್ನನ್ನು ನಮ್ಮ ದೇಶದಲ್ಲಿಯೇ ತಯಾರಿಸಲೆಂದು 1954ರಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯು ನಮ್ಮ ನೆರೆಯ ಪಿಂಪ್ರಿಯಲ್ಲಿದೆ.

ಆದರೆ ವೈರಿಯೂ ಸುಮ್ಮನಿರಲಿಲ್ಲ. ಔಷಧದ ಪ್ರಮಾಣ ಕಡಿಮೆಯಾದರೆ ಸೂಕ್ಷ್ಮಾಣುಗಳು ಅದಕ್ಕೆ ಜಗ್ಗದಂತಾಗುವುವೆಂದು ಫ್ಲೆಮಿಂಗರೇ 1945ರ ನೊಬೆಲ್ ಉಪನ್ಯಾಸದಲ್ಲಿ ಎಚ್ಚರಿಸಿದ್ದರು. ಪೆನಿಸಿಲಿನ್ನಿಗೆ ಮಣಿಯದವುಗಳಿಗಾಗಿ ಮೆಥಿಸಿಲಿನ್ ಬಂದಿತು. ಅದಕ್ಕೂ ಮಣಿಯದ ಸ್ಟ್ಯಾಫಿಲೊಕಾಕಸ್ 1961ರಲ್ಲಿಯೇ ಇಂಗ್ಲೆಂಡಿನಿಂದ ವರದಿಯಾಯಿತು.

ಇದು ಹೇಗಾಗುತ್ತದೆ? ಕೋಟಿಗಟ್ಟಲೆ ಸೂಕ್ಷ್ಮಾಣುಗಳಲ್ಲಿ ಕೆಲವು ಆಕಸ್ಮಿಕ ಮಾರ್ಪಾಟಿನಿಂದ ಔಷಧವನ್ನು ತಡೆದುಕೊಳ್ಳಬಲ್ಲವು. ಔಷಧವು ದುರ್ಬಲವಾದವನ್ನು ಕೊಲ್ಲುತ್ತದೆ. ತಡೆದುಕೊಂಡವು ಬರಿದಾದ ಜಾಗದಲ್ಲಿ ಬೆಳೆದು ಹರಡುತ್ತವೆ. ಆ ಶಕ್ತಿಯನ್ನು ಒಂದು ಸೂಕ್ಷ್ಮಾಣು ಇನ್ನೊಂದಕ್ಕೆ ದಾಟಿಸಲೂಬಲ್ಲದು. ಆದುದರಿಂದ ಒಬ್ಬನು ಅನವಶ್ಯಕವಾಗಿ ನುಂಗಿದ ಗುಳಿಗೆಯ ಫಲವನ್ನು ಇನ್ನೊಬ್ಬನು ಉಣ್ಣಬೇಕಾಗಬಹುದು.

ತಪ್ಪೆಲ್ಲ ಬಡವರದೇ ಎನ್ನುವುದು ನ್ಯಾಯವಲ್ಲ. ಚೀಟಿ ಕೇಳದೆ ಗುಳಿಗೆ ಕೊಡುವ ಅಂಗಡಿಯವರೂ, ನೆಗಡಿಗೂ ಆಂಟಿಬಯಾಟಿಕ್ ಬರೆಯುವ ವೈದ್ಯರೂ ಇದರಲ್ಲಿ ಪಾಲುದಾರರು. ನೆಗಡಿಯನ್ನು ತರುವುದು ವೈರಸ್. ಅದಕ್ಕೆ ಈ ಔಷಧ ನಾಟುವುದೇ ಇಲ್ಲ.

ಆದರೂ ನಿಮ್ಮಿಂದ ಒಂದು ಕೆಲಸ ಆಗಬೇಕಾಗಿದೆ. ನಿಮ್ಮಲ್ಲನೇಕರ ಮನೆಗಳಲ್ಲಿ ಗುಳಿಗೆಪಟ್ಟಿಯ ಮೇಲಿನ ಅಕ್ಷರಗಳನ್ನು ಓದಬಲ್ಲವರು ನೀವೇ. ಪಟ್ಟಿಯ ಮೇಲೆ ಉದ್ದನೆಯ ಕೆಂಪು ಗೆರೆಯಿದ್ದರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ತೆಗೆದುಕೊಳ್ಳಲಾಗದೆಂದು ಅವ್ವನಿಗೂ ಅಜ್ಜನಿಗೂ ತಿಳಿಸಿರಿ. ವೈದ್ಯರು ಹೇಳಿದಷ್ಟು ದಿನ, ಹೇಳಿದಷ್ಟೇ ಪ್ರಮಾಣ. ಗಾಯವನ್ನು ತೊಳೆದು ಮುಚ್ಚಿರಿ, ಕುರುವನ್ನು ಹಿಚುಕಬೇಡಿರಿ, ಒಬ್ಬರ ಟವೆಲನ್ನು ಇನ್ನೊಬ್ಬರು ಬಳಸಬೇಡಿರಿ.

ಋಣಶೇಷ, ಅಗ್ನಿಶೇಷ, ಶತ್ರುಶೇಷಗಳನ್ನು ಉಳಿಸಬಾರದೆಂದು ಹಿರಿಯರು ಹೇಳುವರು. ಔಷಧಶೇಷವನ್ನೂ ಆ ಸಾಲಿಗೆ ಸೇರಿಸಬೇಕೆಂಬುದು ನಮ್ಮ ಅಭಿಪ್ರಾಯ.