ಪ್ರತಿಚಿತ್ರದ ಪಾಠ

ಒಬ್ಬರು ಬರೆದ ಚಿತ್ರವನ್ನು ನೋಡಿ ಮತ್ತೊಬ್ಬರು ಬರೆದರೆ ಅದನ್ನು ‘ನಕಲು’ ಎಂದು ಹೀಗಳೆಯುವುದು ವಾಡಿಕೆ. ಸ್ವಂತಿಕೆಯಿಲ್ಲದವರು ಮಾಡುವ ಕೆಲಸವದು ಎಂಬ ಭಾವನೆ ಬೇರೂರಿಬಿಟ್ಟಿದೆ. ಆದರೆ ಸಂಗೀತ ಕಲಿಯುವ ಮಗು ಗುರುವಿನ ದನಿಗೆ ದನಿಗೂಡಿಸಿಯೇ ಸರಳೆ ವರಸೆಗಳನ್ನು ಹಾಡುತ್ತದೆ. ಅಕ್ಷರ ಕಲಿಯುವ ಮಗು ಹಿರಿಯರು ಬರೆದುಕೊಟ್ಟ ಅಕ್ಷರದ ಮೇಲೆಯೇ ತಿದ್ದುತ್ತದೆ. ಅದನ್ನು ಯಾರೂ ಕಳ್ಳತನವೆನ್ನುವುದಿಲ್ಲ. ಚಿತ್ರಕಲೆಗೆ ಮಾತ್ರ ಬೇರೆ ನ್ಯಾಯವೇಕೆ?

ಪ್ಯಾರಿಸಿನ ಲೂವ್ರ್ ಅರಮನೆ 1793ರಲ್ಲಿ ಸಾರ್ವಜನಿಕ ವಸ್ತುಸಂಗ್ರಹಾಲಯವಾಯಿತು. ಅಂದಿನಿಂದಲೂ ಕಲಾವಿದರು ಅಲ್ಲಿ ಹಿರಿಯರ ಕೃತಿಗಳ ಮುಂದೆ ನಿಂತು ಪ್ರತಿ ಮಾಡುತ್ತ ಬಂದಿದ್ದಾರೆ. ಪರ್ವತ ಸರೋವರಗಳನ್ನು ಅಪೂರ್ವವಾಗಿ ಚಿತ್ರಿಸಿದ ಇಂಗ್ಲೆಂಡಿನ ಟರ್ನರ್ ಆಲ್ಪ್ಸ್ ಪರ್ವತಗಳನ್ನು ಮೊದಲು ಕಂಡದ್ದು 1802ರಲ್ಲಿ. ಅದಕ್ಕೂ ಮುಂಚೆ, 1790ರ ದಶಕದಲ್ಲಿ, ಅವನು ಲಂಡನ್ನಿನ ವೈದ್ಯ ಥಾಮಸ್ ಮನ್ರೊನ ಮನೆಯಲ್ಲಿ ಸಂಜೆಯ ವೇಳೆ ಜಾನ್ ರಾಬರ್ಟ್ ಕಾಜೆನ್ಸನ ಆಲ್ಪ್ಸ್ ಚಿತ್ರಗಳನ್ನು ಪ್ರತಿ ಮಾಡುತ್ತಿದ್ದನು. ಬೆಟ್ಟವನ್ನು ಕಣ್ಣಾರೆ ಕಾಣುವ ಮೊದಲೇ, ಬೆಟ್ಟವನ್ನು ಕಾಣುವ ಬಗೆಯನ್ನು ಇನ್ನೊಬ್ಬನ ಕೈಯಿಂದ ಕಲಿತಿದ್ದನು.

ತೈಲವರ್ಣವನ್ನು ಕಲಿಯುವ ವಿದ್ಯಾರ್ಥಿಯೊಬ್ಬನು ಆಲ್ಬರ್ಟ್ ಬೀರ್‌ಸ್ಟಾಟನ ಸಿಯೆರಾ ನೆವಾಡ ಚಿತ್ರವನ್ನು ಪ್ರತಿ ಮಾಡಲು ತೊಡಗಿದನೆನ್ನೋಣ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಈ ರಮ್ಯಪಂಥದ ಕಲಾವಿದನು ಅದನ್ನು 1868ರಲ್ಲಿ ಮುಗಿಸಿದನು. ಸುಮಾರು 6 ಅಡಿ ಎತ್ತರ, 10 ಅಡಿ ಅಗಲದ ಆ ಚಿತ್ರದಲ್ಲಿ ಮೋಡಗಳ ನಡುವಿನಿಂದ ಇಳಿಯುವ ಬೆಳಕಿದೆ, ಉನ್ನತ ಶಿಖರಗಳಿವೆ, ನಿಶ್ಚಲವಾದ ಸರೋವರವಿದೆ, ದಡದಲ್ಲಿ ಜಿಂಕೆಗಳಿವೆ. ನೋಡುಗನು ಮೆಚ್ಚಿ ಮುಂದೆ ಸಾಗಬಹುದು. ಪ್ರತಿ ಮಾಡುವವನು ಹಾಗೆ ಸಾಗುವಂತಿಲ್ಲ. ದೂರದ ಬೆಟ್ಟವು ಹತ್ತಿರದ ಬಂಡೆಗಿಂತ ಏಕೆ ತಿಳಿಯಾಗಿ ಕಾಣುತ್ತದೆ? ಬೆಳಕು ಬಿದ್ದ ಬಂಡೆಗಿಂತ ನೀರಿನಲ್ಲಿರುವ ಅದರ ಪ್ರತಿಬಿಂಬ ಏಕೆ ತುಸು ಮಂಕು? ಪ್ರತಿಯೊಂದು ಕುಂಚದ ಎಳೆತಕ್ಕೂ ಇಂತಹ ಪ್ರಶ್ನೆಯೊಂದು ಅಡ್ಡ ನಿಲ್ಲುತ್ತದೆ.

ಬಣ್ಣವೂ ಪಾಠ ಹೇಳುತ್ತದೆ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣ ನೀರಿನಂತೆ ಆರಿಹೋಗುವುದಿಲ್ಲ. ಗಾಳಿಯೊಡನೆ ಬೆರೆತು ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತದೆ. ಕೆಳಗಿನ ಲೇಪದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಇರಬೇಕು. ಈ ನಿಯಮ ತಪ್ಪಿದರೆ ಮೇಲ್ಪದರ ಬೇಗ ಒಣಗಿ, ಕಾಲಾನಂತರ ಬಿರುಕು ಬಿಡುತ್ತದೆ. ಅವಸರಪಡುವವನಿಗೆ ತೈಲವರ್ಣ ಒಲಿಯದು.

ಇನ್ನೂ ದೊಡ್ಡ ಪಾಠವೊಂದಿದೆ. ಬೀರ್‌ಸ್ಟಾಟನು 1863ರಲ್ಲಿ ಅಮೆರಿಕದ ಪಶ್ಚಿಮ ಪ್ರಾಂತಗಳಲ್ಲಿ ಸಂಚರಿಸಿ ರೇಖಾಚಿತ್ರಗಳನ್ನು ಮಾಡಿಕೊಂಡಿದ್ದನು. ಈ ಚಿತ್ರವನ್ನು ಬರೆದದ್ದಾದರೋ ದೂರದ ರೋಮ್ ನಗರದಲ್ಲಿ ಕುಳಿತು. ಚಿತ್ರದಲ್ಲಿರುವಂತಹ ಸರೋವರ ಯಾವುದೊಂದು ಸ್ಥಳದಲ್ಲಿಯೂ ಇಲ್ಲ. ಕಂಡದ್ದರಲ್ಲಿ ಬೇಕಾದದ್ದನ್ನು ಆಯ್ದು, ಬೇಡವಾದದ್ದನ್ನು ಬಿಟ್ಟು, ಬೆಳಕನ್ನು ತನಗೆ ಬೇಕಾದೆಡೆ ಹರಿಸಿ ಅವನು ಅದನ್ನು ಕಟ್ಟಿದನು. ಮೂಲಚಿತ್ರವೇ ಪ್ರಕೃತಿಯ ನಕಲಲ್ಲ. ಎಳೆಎಳೆಯಾಗಿ ಅದನ್ನು ಹಿಂಬಾಲಿಸಿದವನಿಗೆ ಈ ಆಯ್ಕೆಯ ಗುಟ್ಟು ತಿಳಿಯುತ್ತದೆ. ಸ್ವಂತಿಕೆಯ ಬೀಜವಿರುವುದು ಅಲ್ಲಿಯೇ.

ಹಾಗೆಂದು ಪ್ರತಿ ಮಾಡುವುದೇ ಕಲೆಯ ಕೊನೆಯ ಮೆಟ್ಟಿಲಲ್ಲ. ಪರರ ಕೃತಿಯನ್ನು ತನ್ನದೆಂದು ಮೆರೆಸುವುದು ವಂಚನೆಯೇ ಸರಿ. ಲೂವ್ರ್‌ನಲ್ಲಿ ಪ್ರತಿಯು ಮೂಲದ ಅಳತೆಯಲ್ಲಿರಬಾರದು, ಮೂಲ ಕಲಾವಿದನ ಸಹಿಯನ್ನು ಅದರಲ್ಲಿ ಬರೆಯಬಾರದು ಎಂಬ ನಿಯಮಗಳಿರುವುದು ಈ ಕಾರಣದಿಂದಲೇ. ಇನ್ನೊಬ್ಬರ ಸರೋವರದಲ್ಲಿಯೇ ಬದುಕೆಲ್ಲ ಈಜುವವನ ಕೈ ಪಳಗಬಹುದು, ಕಣ್ಣು ತೆರೆಯದು. ಪ್ರತಿ ಮುಗಿದ ಬಳಿಕ ಕಲಿಯುವವನು ಕುಂಚವನ್ನು ತೊಳೆದು, ತನ್ನ ಊರಿನ ಕೆರೆಯ ದಂಡೆಗೆ ಹೋಗಿ ಕುಳಿತುಕೊಳ್ಳಬೇಕು. ಅಲ್ಲಿನ ನೀರಿನಲ್ಲಿ ಬೆಳಕು ಹೇಗೆ ಬೀಳುತ್ತದೆಂಬುದನ್ನು ಅವನಿಗೆ ಯಾವ ಹಿರಿಯನೂ ಬರೆದುಕೊಟ್ಟಿರುವುದಿಲ್ಲ.