ಹೊಸ ಅಧ್ಯಕ್ಷರಿಗೆ ಮತ್ತೆ ಮತ ಹಾಕ್ತೀರೇನ್ರಿ?

ಹೋದ ವಾರ ನಿಲಂಗಾದ ಒಂದು ಚಹಾದ ಅಂಗಡಿಯಲ್ಲಿ ಕೂತಿದ್ದೆ. ಎದುರಿಗೆ ಕೂತ ಹುಡುಗರು ಕೇಳಿದರು: ‘ಕಾಕಾ, ನಾಳೆನೇ ಮತ್ತ ಎಲೆಕ್ಷನ್ ಆದ್ರ ಇದೇ ಅಧ್ಯಕ್ಷರಿಗೆ ಓಟ್ ಹಾಕ್ತೀರೇನು?’ ನಾನು ನಕ್ಕು ಸುಮ್ಮನಾದೆ. ಮನೆಗೆ ಬಂದ ಮೇಲೆ ಪ್ರಶ್ನೆ ಬಿಡಲಿಲ್ಲ. ಇದು ನಿಲಂಗಾ ಒಂದರ ಪ್ರಶ್ನೆಯಲ್ಲ. ಉದಗೀರ, ಉಮರ್ಗಾಗಳಲ್ಲೂ ಇದೇ ಮಾತು ನಡೆದಿದೆ. ನಗರ ಪರಿಷತ್ತಿನ ಅಧ್ಯಕ್ಷರನ್ನು ಮತದಾರರೇ ನೇರವಾಗಿ ಆರಿಸುವ ಪದ್ಧತಿ 2016ರಲ್ಲಿ ಇತ್ತು, ನಡುವೆ ರದ್ದಾಯಿತು, 2022ರಲ್ಲಿ ಮರಳಿ ಬಂತು. 2025ರ ಡಿಸೆಂಬರಿನಲ್ಲಿ ನಾವು ಮತ ಹಾಕಿದ್ದು ಹಾಗೆ. ಅಧ್ಯಕ್ಷರ ಮೇಲೆ ನಮ್ಮ ಹಕ್ಕು ಜಾಸ್ತಿ ಅಂತ ಅನಿಸುವುದೂ ಅದಕ್ಕೇ.

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಾಳೆ ಎಲೆಕ್ಷನ್ ಆದರೆ ಬಹಳ ಕಡೆ ಗೆದ್ದವರೇ ಮತ್ತೆ ಗೆದ್ದಾರು. ಆದರೆ ಅದು ಕೆಲಸ ನೋಡಿ ಬಿದ್ದ ಮತ ಆಗುವುದಿಲ್ಲ. ಡಿಸೆಂಬರಿನಲ್ಲಿ ಪಕ್ಷ, ಜಾತಿ, ಮನೆತನ ನೋಡಿ ಹಾಕಿದ ಮತವನ್ನೇ ಇನ್ನೊಮ್ಮೆ ಹಾಕಿದಂತೆ. ಕೆಲವೇ ತಿಂಗಳಲ್ಲಿ ಯಾವ ಮನೆಯ ನಿಷ್ಠೆ ಬದಲಾಗುತ್ತದೆ, ಹೇಳ್ರಿ?

ಮೊದಲ ತಿಂಗಳುಗಳ ಹುರುಪೂ ನಂಬುವಂಥದ್ದಲ್ಲ. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಅಂತ ಗಾದೆಯೇ ಇದೆ. ಮೊದಲ ವಾರ ಕಸದ ಗಾಡಿ ಮುಂಜಾನೆಯೇ ಬರುತ್ತದೆ, ಫೋಟೋ ತೆಗೆಯುತ್ತಾರೆ. ಮುಂದಿನ ವರ್ಷ ಬಂದರೆ ಅದು ಸುದ್ದಿ.

ಹೊಗಳಿಕೆ ಎಷ್ಟು ದಿನ ಬಾಳುತ್ತದೆ ಅಂತ ದೊಡ್ಡ ದೇಶದ ಉದಾಹರಣೆಯೂ ಇದೆ. 1991ರಲ್ಲಿ ಕೊಲ್ಲಿ ಯುದ್ಧ ಗೆದ್ದಾಗ ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್ ಅವರನ್ನು ಅಲ್ಲಿ ನೂರಕ್ಕೆ ಸುಮಾರು 90 ಜನ ಮೆಚ್ಚಿದ್ದರು. 1992ರ ಚುನಾವಣೆಯಲ್ಲಿ ಅವರೇ ಸೋತರು.

ಅಷ್ಟು ದೂರ ಯಾಕೆ, ನಮ್ಮ ನಿಲಂಗಾದ ಕಥೆಯೇ ಕೇಳ್ರಿ. 1985ರ ಜೂನ್‌ನಲ್ಲಿ ಶಿವಾಜಿರಾವ್ ಪಾಟೀಲ ನಿಲಂಗೇಕರ ಮಹಾರಾಷ್ಟ್ರದ ಮುಖ್ಯಮಂತ್ರಿಯಾದರು. ನಮ್ಮ ಊರ ಹೆಸರು ಮುಂಬೈ ಪೇಪರಿನಲ್ಲಿ ದಿನಾ ಬರತೊಡಗಿತು. ನಾನು ಆಗ ಗಡಿಯಾಚೆ, ಬೀದರ ಜಿಲ್ಲೆಯಲ್ಲಿ ಎಸ್ಸೆಸ್ಸೆಲ್ಸಿ ಓದುವ ಹುಡುಗ. ಒಂಬತ್ತೇ ತಿಂಗಳು. ಮಗಳ ಎಂ.ಡಿ. ಪರೀಕ್ಷೆಯ ಅಂಕಗಳ ಪ್ರಕರಣದಲ್ಲಿ ಹೈಕೋರ್ಟ್ ಟೀಕೆ ಮಾಡಿತು, 1986ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟರು. ನಾನು ಪರೀಕ್ಷೆಗೆ ಓದುತ್ತಿದ್ದ ದಿನಗಳವು. ಅಂಕ ಅಂದರೆ ಏನು ಅಂತ ನನಗೂ ಗೊತ್ತಿತ್ತು. ಅವರ ಕಥೆ ಮುಗೀತು ಅಂದವರು ಬಹಳ. ಆದರೆ ಮುಗಿಯಲಿಲ್ಲ. 1999ರಲ್ಲಿ ನಿಲಂಗಾದಿಂದ ಗೆದ್ದರು. 2004ರಲ್ಲಿ ಮೊಮ್ಮಗ ಸಂಭಾಜಿ ಪಾಟೀಲರ ಎದುರು ಸೋತರು. 2009ರಲ್ಲಿ ಅದೇ ಮೊಮ್ಮಗನ ಎದುರು ಗೆದ್ದರು. ಅತ್ತ ಲಾತೂರಿನಲ್ಲಿ 1995ರಲ್ಲಿ ಸೋತ ವಿಲಾಸರಾವ್ ದೇಶಮುಖ 1999ರಲ್ಲಿ ಗೆದ್ದು ಮುಖ್ಯಮಂತ್ರಿಯೇ ಆದರು. ಒಂಬತ್ತು ತಿಂಗಳು ನೋಡಿ ಒಬ್ಬ ಮನುಷ್ಯನ ಮೇಲೆ ಕೊನೆಯ ತೀರ್ಪು ಕೊಡುವುದು ನಮ್ಮ ಮತದಾರರ ರೂಢಿಯಲ್ಲ.

ಹಾಗಂತ ಐದು ವರ್ಷ ಬಾಯಿ ಮುಚ್ಚಿ ಕೂಡಬೇಕೆ? ಅದೂ ಅಲ್ಲ. ನಾನು ರೈತ, ನನಗೆ ತಿಳಿದ ಲೆಕ್ಕ ಹೇಳುತ್ತೇನೆ. ನಮ್ಮ ಕಡೆ ಮಳೆಗಾಲದ ಮೊದಲಿಗೆ ಸೋಯಾ, ತೊಗರಿ ಎರಡೂ ಒಂದೇ ಹೊಲದಲ್ಲಿ ಬಿತ್ತುತ್ತೇವೆ. ಸೋಯಾ ನೂರು ದಿನಕ್ಕೆ ಕೈಗೆ ಬರುತ್ತದೆ. ತೊಗರಿಗೆ ಆರು ತಿಂಗಳು ಬೇಕು. ಮೂರನೇ ತಿಂಗಳಲ್ಲಿ ಹೋಗಿ ‘ಯಾಕೋ ಕಾಯಿ ಬಿಟ್ಟಿಲ್ಲ’ ಅಂತ ತೊಗರಿಯನ್ನು ಬೈದರೆ ನನಗೇ ಹುಚ್ಚು ಅಂತಾರ. ಆದರೆ ನೂರಾ ಇಪ್ಪತ್ತು ದಿನ ಆದರೂ ಸೋಯಾ ಬರಲಿಲ್ಲ ಅಂದರೆ ಕೇಳಲೇಬೇಕು.

ಊರ ಕೆಲಸವೂ ಹಾಗೆ. ಬೀದಿ ದೀಪ ಹಾಕಿಸುವುದು, ಗಟಾರ ಬಳಿಸುವುದು, ನಳದ ನೀರು ಯಾವ ದಿನ ಬರುತ್ತದೆ ಅಂತ ಮೊದಲೇ ಹೇಳುವುದು, ಅರ್ಜಿ ಕೊಟ್ಟವನಿಗೆ ಉತ್ತರ ಕೊಡುವುದು, ಇವೆಲ್ಲ ಸೋಯಾ. ಹೊಸ ಪೈಪ್‌ಲೈನು, ಒಳಚರಂಡಿ, ಮಾರುಕಟ್ಟೆ ಕಟ್ಟಡ ಇವು ತೊಗರಿ. ಮಂಜೂರಿ, ಟೆಂಡರು ಅಂತ ವರ್ಷಗಟ್ಟಲೆ ಹಿಡಿಯುತ್ತದೆ. ತೊಗರಿಗೆ ತಾಳ್ಮೆ ಇರಲಿ, ಸೋಯಾಕ್ಕೆ ಬ್ಯಾಡ. ಕಾನೂನಿನಲ್ಲೂ ಈ ತಾಳ್ಮೆ ಇದೆ. ನೇರವಾಗಿ ಆರಿಸಿದ ಸರಪಂಚರ ಮೇಲೆ ಮೊದಲ ಎರಡು ವರ್ಷ ಅವಿಶ್ವಾಸ ತರುವಂತಿಲ್ಲ ಅಂತ ಮಹಾರಾಷ್ಟ್ರದ ನಿಯಮ. ಅವಿಶ್ವಾಸ ಬ್ಯಾಡ ಅಂದರೆ ಪ್ರಶ್ನೆಯೂ ಬ್ಯಾಡ ಅಂತ ಅರ್ಥವಲ್ಲ.

ಅರ್ಜಿಯ ಮಾತು ಯಾಕೆ ತೆಗೆದೆ ಅಂದರೆ, ನನ್ನದೊಂದು ಅರ್ಜಿ ಇದೆ. ನಮ್ಮ ಓಣಿಯ ಗಟಾರದ ನೀರು ಮಳೆಗಾಲದಲ್ಲಿ ಮನೆ ಹೊಸ್ತಿಲಿಗೆ ಬರುತ್ತದೆ. ಕೆಲವು ವರ್ಷದ ಹಿಂದೆ ಒಂದು ಕಚೇರಿಗೆ ಕನ್ನಡದಲ್ಲಿ ಬರೆದುಕೊಟ್ಟೆ. ಮರಾಠಿಯಲ್ಲಿ ಬರೀರಿ ಅಂದರು. ತಪ್ಪಿಲ್ಲ, ರಾಜ್ಯದ ಭಾಷೆ ಅದು. ಮಗನ ಕೈಯಿಂದ ಮರಾಠಿಯಲ್ಲಿ ಬರೆಸಿಕೊಟ್ಟೆ. ಉತ್ತರ ಇವತ್ತಿಗೂ ಬಂದಿಲ್ಲ. ಹೋಗಿ ಕೇಳೋಣ ಅಂದರೆ ಕೇಳುವುದು ಯಾರನ್ನು? 2016ರ ಕೊನೆಗೆ ಆರಿಸಿದ ಪರಿಷತ್ತಿನ ಅವಧಿ ಮುಗಿದ ಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ತಕರಾರು ಕೋರ್ಟಿನಲ್ಲಿತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಚುನಾವಣೆ ಮಾಡ್ರಿ ಅನ್ನುವ ತನಕ ವರ್ಷಗಟ್ಟಲೆ ಆಡಳಿತಾಧಿಕಾರಿಯದೇ ರಾಜ್ಯ. ಅವರು ಒಳ್ಳೆಯವರಿರಲಿ, ಕೆಟ್ಟವರಿರಲಿ, ನಾವು ಆರಿಸಿದವರಲ್ಲ, ಇಳಿಸುವ ಹಾಗೂ ಇರಲಿಲ್ಲ.

ಈಗ ಕೇಳಲು ಒಬ್ಬರು ಸಿಕ್ಕಿದ್ದಾರೆ. ಇದರ ಬೆಲೆ ಗಡಿಯ ಕನ್ನಡಿಗರಿಗೆ, ತೆಲುಗರಿಗೆ ಹೆಚ್ಚು. ನಿಲಂಗಾ, ಉದಗೀರ ತಾಲೂಕು 1956ರ ತನಕ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಆಚೆ ಸರಿದರೂ ನಮ್ಮ ಮನೆಮಾತು ಉಳಿಯಿತು. ಪ್ರಚಾರಕ್ಕೆ ಬಂದವರು ನಮ್ಮ ಓಣಿಯಲ್ಲಿ ಕನ್ನಡದಲ್ಲೇ ‘ಅಣ್ಣಾರ, ಆರಾಮ ಇದ್ದೀರಿ?’ ಅಂತಾರೆ. ಗೆದ್ದ ಮೇಲೂ ಹಾಗೇ ಕೇಳಲಿ. ತೆಲುಗಿನಲ್ಲಿ ಒಂದು ಗಾದೆ ಇದೆ: ‘ಏರು ದಾಟೇ ದಾಕಾ ಓಡ ಮಲ್ಲಯ್ಯ, ಏರು ದಾಟಾಕ ಬೋಡಿ ಮಲ್ಲಯ್ಯ.’ ಹೊಳೆ ದಾಟುವ ತನಕ ದೋಣಿಯ ಮಲ್ಲಯ್ಯ, ದಾಟಿದ ಮೇಲೆ ಬೋಳು ಮಲ್ಲಯ್ಯ ಅಂತ ಅರ್ಥ. ಗೆದ್ದವರು ನಮ್ಮನ್ನು ಬೋಳು ಮಲ್ಲಯ್ಯ ಮಾಡಬಾರದು.

ನಾವೂ ಒಂದು ಮಾತು ನೆನಪಿಡಬೇಕು. ಮತ ಹಾಕಿ ಬೆರಳಿನ ಶಾಯಿ ಆರುವುದರೊಳಗೆ ಮರೆಯುವ ಚಾಳಿ ನಮಗೂ ಇದೆ. ಚಹಾದ ಅಂಗಡಿಯಲ್ಲಿ ಬೈದರೆ ಗಟಾರ ಸ್ವಚ್ಛ ಆಗುವುದಿಲ್ಲ. ಓಣಿಗೆ ನಾಲ್ಕು ಜನ ಸೇರಿ ಒಂದು ವಹಿ ಇಡ್ರಿ. ಯಾವ ತಾರೀಖಿಗೆ ಏನು ಕೇಳಿದೆವು, ಏನು ಉತ್ತರ ಬಂತು ಬರೆದಿಡ್ರಿ. ಮುಂದಿನ ಚುನಾವಣೆಗೆ ಆ ವಹಿಯನ್ನೇ ತೆಗೆದು ಓದೋಣ.

ನಾನು ಗಟಾರದ ಅರ್ಜಿಯನ್ನು ಹೊಸ ತಾರೀಖು ಹಾಕಿ ಮತ್ತೆ ಬರೆಸಿದ್ದೇನೆ. ಸೋಮವಾರ ಹೋಗಿ ಕೊಡುತ್ತೇನೆ. ಆ ಹುಡುಗರ ಪ್ರಶ್ನೆಗೆ ನನ್ನ ಉತ್ತರ, ಅದರ ಉತ್ತರ ಬಂದ ಮೇಲೆ.