ತಾರುಣ್ಯವು ಎಲ್ಲರ ಪಾಲಿಗೂ ಬರುವುದೇ?

ಹದಿಹರೆಯವೆಂದರೆ ಬಿರುಗಾಳಿಯ ಕಾಲ, ಆ ವಯಸ್ಸಿನಲ್ಲಿ ಮಕ್ಕಳು ಹೆತ್ತವರಿಗೆ ಎದುರು ನಿಲ್ಲುವುದು ಪ್ರಕೃತಿಧರ್ಮ ಎಂಬ ಮಾತು ಇಂದು ವೈದ್ಯರ ಕೊಠಡಿಯಿಂದ ಹಿಡಿದು ಮನೆಯ ಜಗಲಿಯವರೆಗೆ ಪ್ರಚಲಿತವಾಗಿದೆ. ಇದರ ಮೂಲವನ್ನು ಅರಸುತ್ತ ಹೋದರೆ 1904ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಪ್ರಕಟಿಸಿದ ಎರಡು ಬೃಹತ್ ಸಂಪುಟಗಳನ್ನು ಮುಟ್ಟುತ್ತೇವೆ. 1928ರಲ್ಲಿ ಮಾರ್ಗರೆಟ್ ಮೀಡ್, ಸಮೋವಾ ದ್ವೀಪದ ಹುಡುಗಿಯರಲ್ಲಿ ಅಂಥ ಬಿರುಗಾಳಿಯೇನೂ ಇಲ್ಲವೆಂದು ವಾದಿಸಿದರು. ಅವರ ಕ್ಷೇತ್ರಕಾರ್ಯದ ಮೇಲೆ ಮುಂದೆ ತೀವ್ರ ಆಕ್ಷೇಪಗಳು ಬಂದವಾದರೂ ಅವರೆತ್ತಿದ ಪ್ರಶ್ನೆ ಮಾತ್ರ ಉಳಿಯಿತು. ಆ ಪ್ರಶ್ನೆಯನ್ನು ಭಾರತದ ನೆಲದ ಮೇಲೆ ನಿಂತು ಕೇಳಿದವರಲ್ಲಿ ಅಗ್ರಗಣ್ಯರು ವಡೋದರದ ಪ್ರಾಧ್ಯಾಪಕಿ ಟಿ. ಎಸ್. ಸರಸ್ವತಿಯವರು.

1949ರಲ್ಲಿ ಸ್ಥಾಪಿತವಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯವು ಕನ್ನಡಿಗರಿಗೆ ಅಪರಿಚಿತವಲ್ಲ. ಮೈಸೂರಿನ ಎಂ. ಎನ್. ಶ್ರೀನಿವಾಸ್ ಅವರು 1951ರಲ್ಲಿ ಸಮಾಜಶಾಸ್ತ್ರ ವಿಭಾಗಕ್ಕೆ ತಳಪಾಯ ಹಾಕಿದ್ದು ಅಲ್ಲಿಯೇ. ಮೊದಲ ಕುಲಪತಿ ಹಂಸಾ ಮೆಹತಾ ಅವರ ಕಾಲದಲ್ಲಿ ಬೆಳೆದ ಗೃಹವಿಜ್ಞಾನ ನಿಕಾಯವನ್ನು ಮಾತ್ರ ಹಲವರು ಅಡುಗೆ-ಹೊಲಿಗೆಯ ಪಾಠಶಾಲೆಯೆಂದೇ ಹಗುರವಾಗಿ ಕಂಡರು. ಮಾನವ ವಿಕಾಸದ ಅಧ್ಯಯನದಲ್ಲಿ ಜಗತ್ತು ಕಿವಿಗೊಟ್ಟ ವಿದ್ವತ್ತು ಆ ನಿಕಾಯದಿಂದಲೇ ಬಂದಿತೆಂಬುದು ಅಂಥವರು ಅವಶ್ಯವಾಗಿ ಗಮನಿಸಬೇಕಾದ ಸಂಗತಿ.

ಸರಸ್ವತಿಯವರು ರಂಜನಾ ದತ್ತ ಅವರೊಡನೆ ಗುಜರಾತಿನ ಬಡ ಹಳ್ಳಿ ಹಾಗೂ ನಗರದ ಕೊಳೆಗೇರಿಗಳಲ್ಲಿ ಮಕ್ಕಳು ವಯಸ್ಕರ ಪಾತ್ರಗಳಿಗೆ ಹೇಗೆ ಅಣಿಗೊಳ್ಳುವರೆಂಬುದನ್ನು ಅಭ್ಯಸಿಸಿ 1988ರಲ್ಲಿ ಗ್ರಂಥವೊಂದನ್ನು ಹೊರತಂದರು. ಅದರ ಶೀರ್ಷಿಕೆಯ ಅರ್ಥ ‘ಕಾಣದ ಗೆರೆಗಳು’ ಎಂದಾಗುತ್ತದೆ. ಹುಡುಗಿಯು ಎಲ್ಲಿಯವರೆಗೆ ಹೋಗಬಹುದು, ಎಷ್ಟು ನಗಬಹುದು, ಯಾರೊಡನೆ ಮಾತನಾಡಬಹುದು ಎಂಬುದನ್ನು ಯಾರೂ ಗೋಡೆಯ ಮೇಲೆ ಬರೆದಿಟ್ಟಿರುವುದಿಲ್ಲ. ಆದರೂ ಅವಳಿಗೆ ಅದು ಗೊತ್ತಿರುತ್ತದೆ. ಮುಂದೆ 1997ರಲ್ಲಿ ಅಂತರಸಾಂಸ್ಕೃತಿಕ ಮನೋವಿಜ್ಞಾನದ ಕೈಪಿಡಿಯ ಎರಡನೆಯ ಸಂಪುಟಕ್ಕೆ ಜಾನ್ ಬೆರಿ ಮತ್ತು ಪಿಯರ್ ದಾಸೆನ್ ಅವರೊಡನೆ ಅವರು ಸಂಪಾದಕಿಯಾದರು. 2002ರಲ್ಲಿ ಬ್ರಾಡ್‌ಫರ್ಡ್ ಬ್ರೌನ್ ಮತ್ತು ರೀಡ್ ಲಾರ್ಸನ್ ಅವರೊಡನೆ ಜಗತ್ತಿನ ಎಂಟು ಪ್ರದೇಶಗಳ ಯುವಜನರನ್ನು ಕುರಿತ ಗ್ರಂಥವನ್ನು ಸಂಪಾದಿಸಿದರು. ಪಾಶ್ಚಾತ್ಯ ದೇಶಗಳು ಅದರಲ್ಲಿ ಎಂಟರಲ್ಲಿ ಒಂದು ಮಾತ್ರ. ಅಳತೆಗೋಲೇ ಆಗಿದ್ದುದು ಅಲ್ಲಿ ತಾನೂ ಅಳತೆಗೆ ಒಳಪಟ್ಟಿತು.

ಆದರೆ ಅವರ ಅತ್ಯಂತ ಫಲವತ್ತಾದ ವಿಚಾರ 1999ರ ಒಂದು ಪ್ರಬಂಧದಲ್ಲಿದೆ. ಭಾರತದಲ್ಲಿ ಹದಿಹರೆಯವೆಂಬುದು ಮಿಥ್ಯೆಯೋ, ಈಗತಾನೇ ಮೈದಳೆಯುತ್ತಿರುವ ವಾಸ್ತವವೋ ಎಂದು ಅವರು ಅಲ್ಲಿ ಕೇಳುತ್ತಾರೆ. ದೇಹದ ಬೆಳವಣಿಗೆ ಎಲ್ಲರಲ್ಲೂ ಆಗುತ್ತದೆ, ನಿಜ. ಆದರೆ ಬಾಲ್ಯಕ್ಕೂ ಪ್ರೌಢಾವಸ್ಥೆಗೂ ನಡುವೆ ಕಲಿಯಲು, ತಡವರಿಸಲು, ಮನಸ್ಸು ಬದಲಿಸಲು ಅವಕಾಶವೀಯುವ ಒಂದು ಪ್ರತ್ಯೇಕ ಘಟ್ಟವು ವರ್ಗವನ್ನೂ ಲಿಂಗವನ್ನೂ ಅನುಸರಿಸಿ ದೊರೆಯುತ್ತದೆ. ಮೇಲುವರ್ಗದ ಹುಡುಗನಲ್ಲಿ ಅದು ಸ್ಪಷ್ಟ. ಬಡವರ ಮಗಳಲ್ಲಿ ಬಾಲ್ಯವು ನೇರವಾಗಿ ಗೃಹಕೃತ್ಯಕ್ಕೆ ಜಾರಿಬಿಡುತ್ತದೆ.

ಗುಜರಾತಿನಲ್ಲಿ ನೆಲೆಸಿರುವ ಯಾರಿಗೂ ಇದಕ್ಕೆ ಪುರಾವೆ ಹುಡುಕಬೇಕಾದ ಶ್ರಮವಿಲ್ಲ. ವಸ್ತ್ರಾಪುರದ ಸುಸಜ್ಜಿತ ಮನೆಯೊಂದರಲ್ಲಿ ಹದಿನೇಳರ ಬಾಲಕ ಪ್ರವೇಶಪರೀಕ್ಷೆಯ ಚಿಂತೆಯಿಂದ ನಿದ್ದೆಗೆಟ್ಟರೆ ತಾಯಿತಂದೆಯರು ಆಪ್ತಸಲಹೆಗಾರರ ಬಳಿಗೆ ಓಡುತ್ತಾರೆ. ಅದೇ ವಯಸ್ಸಿನ ಮತ್ತೊಬ್ಬನು ಸೂರತ್ತಿನ ಮಗ್ಗದ ಗದ್ದಲದಲ್ಲಿ ದುಡಿದು ದೂರದ ಊರಿಗೆ ಹಣ ಕಳುಹಿಸುತ್ತಿರುತ್ತಾನೆ. ಅವನ ನಿದ್ದೆಯ ಲೆಕ್ಕವನ್ನು ಇಟ್ಟವರಿಲ್ಲ. ಮೊದಲನೆಯವನ ದುಗುಡ ಹುಸಿಯೆಂದು ಇದರ ಅರ್ಥವಲ್ಲ. ಒಬ್ಬನನ್ನು ನೋಡಿ ಬರೆದ ಪಠ್ಯದಿಂದ ಇಬ್ಬರಿಗೂ ಚಿಕಿತ್ಸೆ ನಡೆಯಲಾರದು ಎಂಬುದಷ್ಟೇ ವಾದ.

ಸರಸ್ವತಿಯವರ ನಿಲುವನ್ನು ಇಂದು ಇದ್ದಕ್ಕಿದ್ದಂತೆ ಒಪ್ಪಬೇಕಾಗಿಲ್ಲ. ಆ ಪ್ರಬಂಧ ಬಂದ ಬಳಿಕ ಹೆಣ್ಣುಮಕ್ಕಳ ಶಾಲಾವರ್ಷಗಳು ಹೆಚ್ಚಿವೆ, ಮದುವೆಯ ವಯಸ್ಸು ಮುಂದಕ್ಕೆ ಸರಿದಿದೆ, ಕೊಳೆಗೇರಿಯ ಗುಡಿಸಲಿಗೂ ಮೊಬೈಲು ಬಂದಿದೆ. ‘ಮೈದಳೆಯುತ್ತಿರುವ ವಾಸ್ತವ’ ಎಂಬ ಅರ್ಧವು ಇಂದು ಹೆಚ್ಚು ನಿಜ. 2016ರ ಕಾನೂನು ತಿದ್ದುಪಡಿಯು ಹದಿನಾಲ್ಕರಿಂದ ಹದಿನೆಂಟರವರೆಗಿನವರನ್ನು ಬೇರೆಯೇ ವರ್ಗವೆಂದು ಗುರುತಿಸಿ ಅಪಾಯಕಾರಿ ಉದ್ಯೋಗಗಳಿಂದ ದೂರವಿಟ್ಟಿತು. ಆದರೆ ಕಾನೂನಿನಲ್ಲಿ ಹೆಸರು ಬಂದಾಕ್ಷಣ ಆ ವಯಸ್ಸು ಬದುಕಿನಲ್ಲಿ ದೊರೆತಂತಾಗುವುದಿಲ್ಲ.

ಆರೋಗ್ಯದ ವಿಷಯದಲ್ಲಿ ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 19ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಚರ್ಚೆಗೋಷ್ಠಿಗಳಲ್ಲಿ ಮಕ್ಕಳ ಅವಿಧೇಯತೆಗೆ ಸಲ್ಲುವ ಸಮಯದ ಕಾಲುಭಾಗವೂ ಇದಕ್ಕೆ ಸಲ್ಲುವುದಿಲ್ಲ. ಸುಸ್ತಾದ ಹುಡುಗಿಯನ್ನು ‘ಸೋಮಾರಿ’ ಎನ್ನುವ ಮನೆಯಲ್ಲಿ ಎಲ್ಲರಿಗೂ ಬಡಿಸಿ ಕಡೆಯಲ್ಲಿ ಉಣ್ಣುವವಳೂ ಅವಳೇ. ಕಾಣದ ಗೆರೆಯೊಂದು ಊಟದ ತಟ್ಟೆಯ ಸುತ್ತಲೂ ಎಳೆದಿದೆ.

2012ರಲ್ಲಿ ಆರಂಭವಾದ ವಾರಕ್ಕೊಮ್ಮೆ ಕಬ್ಬಿಣಾಂಶದ ಮಾತ್ರೆ ನೀಡುವ ಯೋಜನೆಯು ಶಾಲೆಯಲ್ಲಿರುವ ಹುಡುಗ-ಹುಡುಗಿಯರಿಗಾಗಿಯೂ ಶಾಲೆ ಬಿಟ್ಟ ಹುಡುಗಿಯರಿಗಾಗಿಯೂ ರೂಪುಗೊಂಡಿತು. ಶಾಲೆ ಬಿಟ್ಟ ಹುಡುಗನು ಅದರ ಲೆಕ್ಕದಲ್ಲಿ ಬರಲಿಲ್ಲ. 10ರಿಂದ 19ರವರೆಗಿನ ಎಲ್ಲರನ್ನೂ ಒಳಗೊಳ್ಳುವೆನೆಂದು 2014ರಲ್ಲಿ ಹೊರಟ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವು ಸೂರತ್ತಿನ ಆ ಮಗ್ಗದವರೆಗೆ ನಡೆದುಹೋಗಬೇಕಾಗಿದೆ. ಅಲ್ಲಿನ ಹುಡುಗನಿಗೆ ಹಗಲಿನಲ್ಲಿ ಬಿಡುವಿಲ್ಲದಿರುವುದರಿಂದ, ಹೋಗುವುದಾದರೆ ಪಾಳಿ ಮುಗಿಯುವ ಹೊತ್ತಿಗೇ ಹೋಗಬೇಕು.